ಒತ್ತಕ್ಷರದ ಆಚೆಗಿನ ಓದು

ದೊಡ್ಡವರಿಗೆ ಓದು ಕಲಿಸುವ ಕೆಲಸವನ್ನು ಸರ್ಕಾರ ಈಗ ಹೆಚ್ಚುಕಡಿಮೆ ಸ್ವಯಂಸೇವಕರ ಕೈಗೇ ಒಪ್ಪಿಸಿದೆ. 2009ರ ಸಾಕ್ಷರ ಭಾರತದಲ್ಲಿ ತಿಂಗಳಿಗೆ 2000 ರೂಪಾಯಿ ಗೌರವಧನದ ಪ್ರೇರಕರಾದರೂ ಇದ್ದರು. 2022ರಿಂದ 2027ರವರೆಗಿನ ಉಲ್ಲಾಸ್ ಕಾರ್ಯಕ್ರಮದಲ್ಲಿ ಅದೂ ಇಲ್ಲ. ಹದಿನೈದು ದಾಟಿದ ಯಾರಾದರೂ ಕಲಿಯಬಹುದು, ಮನಸ್ಸಿದ್ದವರು ಕಲಿಸಬಹುದು. ಇಂದಿರಾನಗರದಂಥ ಬಡಾವಣೆಗೆ ಈ ಏರ್ಪಾಡು ಒಗ್ಗುತ್ತದೆಂದೇ ನನ್ನ ಎಣಿಕೆ. ಕೋಡಿಹಳ್ಳಿಯಿಂದಲೋ ಮೋಟಪ್ಪನಪಾಳ್ಯದಿಂದಲೋ ನಾಲ್ಕು ಮನೆ ಕೆಲಸಕ್ಕೆ ಬರುವ ಹೆಂಗಸಿಗೆ ಸಂಜೆ ತರಗತಿಗೆ ಬನ್ನಿ ಎಂದರೆ ಆಗದ ಮಾತು. ಮನೆಯಲ್ಲಿ ನೀರು ಹಿಡಿಯಬೇಕು, ಅಡುಗೆಯಾಗಬೇಕು. ನಲವತ್ತೈದರ ವಯಸ್ಸಿನಲ್ಲಿ ಅಕ್ಕಪಕ್ಕದವರ ಎದುರು ಸ್ಲೇಟು ಹಿಡಿಯಲು ನಾಚಿಕೆ ಬೇರೆ. ಇಬ್ಬರೇ ಕೂತು ಕಲಿತರೆ, ತಪ್ಪು ಓದಿದ್ದು ಮೂರನೆಯವರ ಕಿವಿಗೆ ಬೀಳುವುದಿಲ್ಲ. ಈ ಪದ್ಧತಿಯ ಬಲವೆಲ್ಲ ಇದರಲ್ಲಿದೆ.

ಹಾಗಾಗಿ ಜೊತೆಗೆ ಕೂರುವವರು ಯಾರು ಎಂಬುದನ್ನು ಹಗುರವಾಗಿ ನೋಡಬಾರದು. ಮನೆಯೊಡತಿಯೇ ಕೆಲಸದಾಕೆಗೆ ಕಲಿಸುವುದುಂಟು, ಅಕ್ಕರೆಯಿಂದಲೇ ಕಲಿಸುತ್ತಾರೆ. ಆದರೂ ಸಂಬಳ ಕೊಡುವವರ ಮುಂದೆ "ನಂಗೆ ಅರ್ಥ ಆಗ್ಲಿಲ್ಲ ಮೇಡಂ" ಎನ್ನಲು ಬಾಯಿ ಬರುವುದಿಲ್ಲ. ನೆಂಟರು ಬಂದ ದಿನ ಮೊದಲು ತಪ್ಪುವುದೂ ಪಾಠವೇ. ಪಕ್ಕದ ಬೀದಿಯ ಕಾಲೇಜು ಹುಡುಗಿ "ಅಕ್ಕ, ಇನ್ನೊಂದ್ಸಲ ನೋಡೋಣ" ಎಂದು ಕೂತರೆ ಆ ಸಂಕೋಚ ಇರುವುದಿಲ್ಲ.

ಶುರುವನ್ನು ವರ್ಣಮಾಲೆಯಿಂದಲೇ ಮಾಡಬೇಕೆಂಬ ಹಟವೂ ನನಗೆ ಒಪ್ಪಿಗೆಯಿಲ್ಲ. ಅ ಆ ಇ ಈ ದಾಟಿ ಋ ತಲುಪುವಷ್ಟರಲ್ಲಿ ಓದಿ ಬಳಸುವ ಒಂದು ಪದವೂ ಸಿಕ್ಕಿರುವುದಿಲ್ಲ, ಹುರುಪು ಇಳಿದಿರುತ್ತದೆ. ಹೆಗ್ಗಡದೇವನಕೋಟೆಯಲ್ಲಿ 1995ರ ಸುಮಾರಿಗೆ ಹುಟ್ಟಿ ನಮ್ಮ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಇದಕ್ಕೆ ದಾರಿ ತೋರಿಸಿದೆ. ಅದರಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ಈ ಐದರಲ್ಲೇ ಸರ, ದರ, ಅಗಸ, ಅರಸ, ಗರಗಸ ಎಲ್ಲ ಓದಬಹುದು. ಮಕ್ಕಳಿಗೆಂದು ಮಾಡಿದ ಕ್ರಮ ನಿಜ. ಆದರೆ ಮೊದಲ ವಾರವೇ ಒಂದು ಇಡೀ ಪದ ಓದಿದ ಖುಷಿ ಬೇಕಾಗಿರುವುದು ದೊಡ್ಡವರಿಗೇ ಹೆಚ್ಚು. ಅವರಿಗೆ ಬೇಡವಾದದ್ದು ಮಕ್ಕಳನ್ನು ಮಾತಾಡಿಸುವ ದನಿ.

ಓದು ನಿಜಕ್ಕೂ ತಡವರಿಸುವುದು ಒತ್ತಕ್ಷರದಲ್ಲಿ. 2011ರ ಅಕ್ಟೋಬರಿನಲ್ಲಿ ಓಡಲು ಶುರುಮಾಡಿದ ನಮ್ಮ ಮೆಟ್ರೊದ ಮೊದಲ ಮಾರ್ಗದ ನಿಲ್ದಾಣಗಳನ್ನೇ ನೋಡಿ. 'ಹಲಸೂರು' ಬೇಗ ಬರುತ್ತದೆ: ಒತ್ತಿಲ್ಲ, ದೀರ್ಘ ಒಂದೇ. 'ಇಂದಿರಾನಗರ'ದಲ್ಲಿ ಸೊನ್ನೆಯನ್ನು ಗುರುತಿಸಿದರೆ ಉಳಿದದ್ದು ಸಲೀಸು. 'ಬೈಯಪ್ಪನಹಳ್ಳಿ'ಯಲ್ಲಿ ಪಕಾರಕ್ಕೆ ಪಕಾರದ್ದೇ ಒತ್ತು, ಳಕಾರಕ್ಕೆ ಳಕಾರದ್ದೇ. 'ಸ್ವಾಮಿ ವಿವೇಕಾನಂದ ರಸ್ತೆ'ಗೆ ಬಂದಾಗ ಕಣ್ಣು ನಿಲ್ಲುತ್ತದೆ. ಸಕಾರದ ಕೆಳಗೆ ಒಮ್ಮೆ ವಕಾರ, ಇನ್ನೊಮ್ಮೆ ತಕಾರ; ತಕಾರದ ಒತ್ತಂತೂ ತಕಾರದ ಹಾಗೆ ಕಾಣುವುದೇ ಇಲ್ಲ. ಪೆಟ್ಟಿಗೆಗಟ್ಟಲೆ ಪಠ್ಯಪುಸ್ತಕ ತರಿಸುವ ಮೊದಲು ಈ ಫಲಕಗಳ ಎದುರು ಕರೆದುಕೊಂಡು ಹೋಗಬಹುದು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿಯ ಮೇಲೆ ನೂರಡಿ ರಸ್ತೆಯಲ್ಲೂ ಓದಲು ಬೇಕಾದಷ್ಟಿದೆ. ಅಲ್ಲಿನ ಕನ್ನಡ ಬಹುಪಾಲು 'ಡಯಾಗ್ನೋಸ್ಟಿಕ್ಸ್', 'ಇಂಟೀರಿಯರ್ಸ್' ಥರದ್ದು, ಒತ್ತಿನ ಮೇಲೆ ಒತ್ತು. ಆದರೂ ಅದು ಏನು ಅಂಗಡಿ ಎಂದು ಆಕೆಗೆ ಮೊದಲೇ ಗೊತ್ತಿರುವುದರಿಂದ, ಊಹೆ ಅಕ್ಷರದ ಕೈ ಹಿಡಿಯುತ್ತದೆ. ಆಗ ಕಲಿಸುವವರು ಪದವನ್ನು ತಾವೇ ಮುಗಿಸಿಬಿಡದೆ ಬಾಯಿಮುಚ್ಚಿ ಕಾಯಬೇಕು. ಸ್ವಯಂಸೇವಕರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಕೆಲಸ.

ಇನ್ನೊಂದು ಸಂಗತಿ. ಪುಸ್ತಕದಲ್ಲಿ 'ಮಾಡುತ್ತಾರೆ' ಎಂದಿರುತ್ತದೆ, ಆಕೆ 'ಮಾಡ್ತಾರೆ' ಎಂದು ಓದುತ್ತಾಳೆ. ತಕ್ಷಣ ತಿದ್ದುವವರಿದ್ದಾರೆ. ತಿದ್ದಬಾರದು. ಅಕ್ಷರ ದಾಟಿ ಅರ್ಥಕ್ಕೆ ಹೋದವರಷ್ಟೇ ಹಾಗೆ ಓದಬಲ್ಲರು. ಮನೆಯಲ್ಲಿ ತಮಿಳೋ ತೆಲುಗೋ ಆಡುವವರ ಬಾಯಲ್ಲಿ ಹಾಗೆ ಬಂದರಂತೂ ಅದು ದೊಡ್ಡ ಜಿಗಿತ. ಚಿತ್ರ ನೋಡಿ ಕಂಠಪಾಠ ಒಪ್ಪಿಸುತ್ತಿದ್ದಾಳೋ ಎಂಬ ಅನುಮಾನವಿದ್ದರೆ ಚಿತ್ರಕ್ಕೆ ಕೈ ಅಡ್ಡ ಹಿಡಿದರಾಯಿತು.

ನನ್ನ ತಕರಾರು ಇರುವುದು ಈ ಕೆಲಸಕ್ಕೆ ಹಾಕಿರುವ ಕೊನೆಯ ಗೆರೆಯ ಬಗ್ಗೆ. ಉಲ್ಲಾಸ್‌ನ ಪರೀಕ್ಷೆ 150 ಅಂಕಗಳದ್ದು. ಓದು, ಬರಹ, ಲೆಕ್ಕಕ್ಕೆ ತಲಾ 50. ಪಾಸಾದರೆ ಪ್ರಮಾಣಪತ್ರ, ಲೆಕ್ಕದಲ್ಲಿ ಒಬ್ಬರು ಸಾಕ್ಷರರು ಹೆಚ್ಚಾದರು. ಸಣ್ಣ ವಾಕ್ಯಗಳನ್ನು ಕೂಡಿಸಿಕೊಂಡು ಓದುವ ಈ ಹಂತದಲ್ಲಿ ಕೈಬಿಟ್ಟರೆ ಕಲಿತದ್ದು ಬೇಗ ಮಾಸುತ್ತದೆ. ಮೈಸೂರಿನಲ್ಲಿ 1940ರ ದಶಕದಲ್ಲಿ ಹುಟ್ಟಿದ ವಯಸ್ಕರ ಶಿಕ್ಷಣ ಸಮಿತಿಗೆ ಇದು ಚೆನ್ನಾಗಿ ಗೊತ್ತಿತ್ತು. ಹೊಸದಾಗಿ ಓದು ಕಲಿತವರಿಗೆಂದೇ ಅದು 'ಬೆಳಕು' ವಾರಪತ್ರಿಕೆ ನಡೆಸಿತು. ವಾರವಾರ ಹೊಸ ಸುದ್ದಿ ಇರುವಲ್ಲಿ ಕಂಠಪಾಠಕ್ಕೆ ಜಾಗವಿಲ್ಲ. ಇಂದಿನ ಸ್ವಯಂಸೇವಕರು ಪ್ರಮಾಣಪತ್ರ ಬಂದ ಮೇಲೂ ಒಂದು ವರ್ಷ, ವಾರಕ್ಕೆ ಅರ್ಧ ಗಂಟೆ ಕೊಡಲಿ. ಕರೆಂಟ್ ಬಿಲ್ಲು, ಮಕ್ಕಳ ಶಾಲೆಯಿಂದ ಬಂದ ಚೀಟಿ, ಬಸ್ಸಿನ ಬೋರ್ಡು, ದಿನಪತ್ರಿಕೆಯ ಒಂದು ತುಣುಕು, ಯಾವುದನ್ನು ಓದಬೇಕೆಂದು ಆಕೆಯೇ ಆರಿಸಲಿ. ಗೃಹಲಕ್ಷ್ಮಿಯ 2000 ರೂಪಾಯಿ ಜಮೆಯಾಯಿತೆಂದು ಬರುವ ಸಂದೇಶವನ್ನು ಬ್ಯಾಂಕುಗಳೂ ಕನ್ನಡದಲ್ಲೇ ಕಳಿಸಲಿ.