ಓಬವ್ವ, ಮಾರ್ಗರೆಟ್ ಮತ್ತು ನಾವು

ಚಿತ್ರದುರ್ಗದ ಕೋಟೆಯನ್ನು ಹತ್ತಿದವರು ಒನಕೆ ಕಿಂಡಿಯ ಮುಂದೆ ಒಂದು ಗಳಿಗೆ ನಿಲ್ಲದೆ ಮರಳುವುದಿಲ್ಲ. ಹೊಳಲ್ಕೆರೆಯಿಂದಲೋ ಹಿರಿಯೂರಿನಿಂದಲೋ ಮಕ್ಕಳನ್ನು ಕರೆತಂದ ತಂದೆತಾಯಿಯರು ಆ ಇಕ್ಕಟ್ಟಾದ ಸಂದಿಯನ್ನು ತೋರಿಸಿ ಕಥೆ ಹೇಳತೊಡಗಿದರೆ, ಅವರ ಕಣ್ಣಮುಂದೆ ಸುಳಿಯುವುದು ಇತಿಹಾಸದ ಪುಟವಲ್ಲ. ನಟಿ ಜಯಂತಿಯವರ ಮುಖ. ಕಲೆಯ ಶಕ್ತಿಗೆ ಇದಕ್ಕಿಂತ ಹತ್ತಿರದ ನಿದರ್ಶನ ನಮಗೆ ಬೇಕಿಲ್ಲ.

ತ. ರಾ. ಸುಬ್ಬರಾಯರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’ ಮತ್ತು ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ ‘ನಾಗರಹಾವು’ ಚಿತ್ರ ತೆರೆಕಂಡದ್ದು 1972ರ ಡಿಸೆಂಬರಿನಲ್ಲಿ. ದುರ್ಗದ ಬಂಡೆಗಳ ನಡುವೆಯೇ ನಡೆಯುವ ಆ ಕಥೆಯ ಮಧ್ಯೆ, ಚಿ. ಉದಯಶಂಕರರು ಬರೆದು ಪಿ. ಬಿ. ಶ್ರೀನಿವಾಸರು ಹಾಡಿದ ಒಂದು ಗೀತೆ ನಮ್ಮನ್ನು ಹದಿನೆಂಟನೆಯ ಶತಮಾನಕ್ಕೆ ಕೊಂಡೊಯ್ಯುತ್ತದೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳುವಾಗ, ಕಾವಲುಗಾರನ ಹೆಂಡತಿಯೊಬ್ಬಳು ಕೈಗೆ ಸಿಕ್ಕ ಒನಕೆಯನ್ನೇ ಆಯುಧವಾಗಿಸಿಕೊಂಡ ಕಥೆ ದುರ್ಗದವರ ಬಾಯಲ್ಲಿ ಮೊದಲಿನಿಂದಲೂ ಇತ್ತು. ಅದನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿದ್ದು ಆ ಹಾಡು. ಸಿಂಹಾಸನವಿಲ್ಲದ, ಬಿರುದಿಲ್ಲದ ಆ ಹೆಣ್ಣಿನ ಜಯಂತಿಯನ್ನು 2021ರಿಂದ ನವೆಂಬರ್ 11ರಂದು ಸರ್ಕಾರವೇ ಆಚರಿಸುತ್ತಿದೆ. ಇದಕ್ಕೆ ಹಾಡೊಂದೇ ಕಾರಣವೆನ್ನಲಾಗದು. ಆದರೆ ಹಾಡಿಲ್ಲದೆ ಆ ಹೆಸರು ಇಷ್ಟು ಮನೆಗಳನ್ನು ಸೇರುತ್ತಿರಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರಿಯ ಪ್ರಶಂಸೆಯಾದೀತು. ಅದೇ ಚಿತ್ರದಲ್ಲಿ ಮತ್ತೊಂದು ದೃಶ್ಯವಿದೆ. ಸೈಕಲ್ ಏರಿ ಬರುವ ಜಲೀಲ ಹಾದಿಯಲ್ಲಿ ನಡೆದು ಹೋಗುವ ಕಾಲೇಜು ವಿದ್ಯಾರ್ಥಿನಿಯನ್ನು ಕೆಣಕುತ್ತಾನೆ. ಅಂಬರೀಶರು ಅಭಿನಯಿಸಿದ ಮೊದಲ ಪಾತ್ರವದು. ಕಥೆಯ ಲೆಕ್ಕದಲ್ಲಿ ಆತ ದುಷ್ಟ. ನಾಯಕ ರಾಮಾಚಾರಿಯಿಂದ ಪೆಟ್ಟು ತಿನ್ನುವವನು. ಆದರೂ ಅವನು ಆಡಿದ ಕುಚೋದ್ಯದ ಮಾತು ಇಂದಿಗೂ ನಗುವಿನ ವಸ್ತುವಾಗಿಯೇ ಉಳಿದಿದೆ. ಕೃತಿ ಅವನನ್ನು ಶಿಕ್ಷಿಸಿತು; ಪ್ರೇಕ್ಷಕರಾದ ನಾವು ಮನ್ನಿಸಿದೆವು. ಓಬವ್ವನಿಗೆ ಕೈಮುಗಿದ ಮನಸ್ಸೇ, ಹಾದಿಯಲ್ಲಿ ತಲೆತಗ್ಗಿಸಿ ನಡೆದ ಹುಡುಗಿಯನ್ನು ಮರೆತು ಜಲೀಲನಿಗೆ ಚಪ್ಪಾಳೆ ತಟ್ಟಿತು.

ಆ ಹುಡುಗಿಯ ಹೆಸರು ಅಲಮೇಲು. ಚಿತ್ರದ ಮತ್ತೊಬ್ಬ ಹುಡುಗಿ ಮಾರ್ಗರೆಟ್. ಅವಳು ಕ್ರೈಸ್ತಳು. ಶುಭಾ ಅವರು ನಿರ್ವಹಿಸಿದ ಈ ಪಾತ್ರದ ಉಡುಪು, ಓಡಾಟ, ದಿಟ್ಟತನ ನಮಗೆ ನೆನಪಿವೆ. ಅವಳ ಅಂತರಂಗ ಮಾತ್ರ ನೆನಪಿಗೆ ಬಾರದು. ಕ್ರೈಸ್ತ ಹೆಣ್ಣೆಂದರೆ ಗೌನು ತೊಟ್ಟ, ಕಟ್ಟುಪಾಡಿಲ್ಲದ ಹುಡುಗಿ ಎಂಬ ಚಿತ್ರರಂಗದ ಹಳೆಯ ಅಚ್ಚಿನಿಂದ ಪುಟ್ಟಣ್ಣನವರಂಥ ಸೂಕ್ಷ್ಮ ನಿರ್ದೇಶಕರೂ ಪೂರ್ತಿಯಾಗಿ ಬಿಡಿಸಿಕೊಳ್ಳಲಿಲ್ಲ. ಸಾಧಾರಣ ಸೀರೆಯುಟ್ಟು ನಸುಕಿನಲ್ಲಿ ಪೂಜೆಗೆ ಹೋಗಿ, ಬಳಿಕ ಹೊಲಕ್ಕೋ ಆಸ್ಪತ್ರೆಯ ಕೆಲಸಕ್ಕೋ ನಡೆಯುವ ನಮ್ಮ ಧರ್ಮಕೇಂದ್ರಗಳ ತಾಯಂದಿರಿಗೆ ಆ ತೆರೆಯ ಮೇಲೆ ತಮ್ಮ ಮುಖ ಕಾಣಿಸದಿದ್ದರೆ ಅಚ್ಚರಿಯಿಲ್ಲ.

ಹಾಗಿದ್ದೂ ಮಾರ್ಗರೆಟ್‌ಳಿಗೆ ಸಲ್ಲಬೇಕಾದ ಗೌರವವನ್ನು ಚಿತ್ರ ಒಂದೆಡೆ ಸಲ್ಲಿಸುತ್ತದೆ. ಗುರು ಚಾಮಯ್ಯನವರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಟ್ಟಿದ್ದ. ಬೇರೊಬ್ಬನ ಕೈಹಿಡಿದ ಆಕೆಯ ಬಾಳು ಹಾಳಾಯಿತು. ಅದೇ ಗುರು ಮಾರ್ಗರೆಟ್‌ಳನ್ನೂ ಬಿಟ್ಟುಬಿಡೆಂದು ಕೇಳಲು ಬಂದಾಗ ಬೆಟ್ಟದ ಮೇಲೆ ನಡೆಯುವುದು ದುರಂತ. ಗುರು ಪ್ರಪಾತಕ್ಕೆ ಬೀಳುತ್ತಾರೆ. ಪ್ರೇಮಿಗಳಿಬ್ಬರೂ ಅದೇ ಹಾದಿ ಹಿಡಿಯುತ್ತಾರೆ. ಎಲ್ಲರೂ ‘ಸಮಾಜ ಏನೆಂದೀತು’ ಎಂದು ಹಿಂಜರಿದಾಗ ಕೊನೆಯವರೆಗೂ ಜೊತೆಗಿದ್ದವಳು ಮಾರ್ಗರೆಟ್ ಒಬ್ಬಳೇ.

ಕೆ. ಎಸ್. ಅಶ್ವಥ್ ಅವರ ಚಾಮಯ್ಯ ಮೇಷ್ಟ್ರಿಗಾಗಿ ಕನ್ನಡಿಗರು ಐದು ದಶಕಗಳಿಂದ ಕಣ್ಣೀರಿಟ್ಟಿದ್ದಾರೆ, ಅದು ಸಹಜ. ಆದರೆ ಚಿತ್ರ ಕೇಳುವ ಪ್ರಶ್ನೆಯನ್ನು ಆ ಕಣ್ಣೀರು ಮಸುಕುಗೊಳಿಸಲಿಲ್ಲವೇ? ಆ ಮೇಷ್ಟ್ರು ಕ್ರೂರಿಯಲ್ಲ, ಪ್ರೀತಿಯ ಮೂರ್ತಿ. ಪ್ರೀತಿಯ ಹೆಸರಿನಲ್ಲೇ ಅವರು ಎರಡು ಸಲ ಶಿಷ್ಯನ ಬಾಳನ್ನು ತಾವೇ ನಿರ್ಧರಿಸಹೊರಟರು. ಈ ಮಾತು ಕ್ರೈಸ್ತರಾದ ನಮ್ಮ ಮನೆಗಳಿಗೂ ಅನ್ವಯಿಸುತ್ತದೆ. ಮಗನೋ ಮಗಳೋ ಅನ್ಯಮತದವರನ್ನು ಮೆಚ್ಚಿದಾಗ, ‘ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ’ ಎನ್ನುವ ಚಾಮಯ್ಯ ನಮ್ಮ ಅಂಗಳದಲ್ಲಿಯೂ ನಿಂತಿರುತ್ತಾನೆ. ಅವನ ಆತಂಕ ಸುಳ್ಳಲ್ಲ. ಆದರೆ ಹೇಳುವ ಮೊದಲು ಕೇಳಿಸಿಕೊಳ್ಳುವ ತಾಳ್ಮೆ ಅವನಿಗಿದೆಯೇ?

ದಾವೀದ ಅರಸನ ಮುಂದೆ ಪ್ರವಾದಿ ನಾತಾನ ಒಂದು ಕುರಿಮರಿಯ ಕಥೆ ಹೇಳಿದ. ಕಥೆಯೊಳಗಿನ ಅನ್ಯಾಯಗಾರನ ಮೇಲೆ ಕೆರಳಿದ ಅರಸ, ಆ ಮನುಷ್ಯ ತಾನೇ ಎಂದು ಆಮೇಲೆ ಅರಿತ. ಕಲೆ ಸಮಾಜವನ್ನು ತಿದ್ದುವ ಬಗೆ ಇದು. ಅದು ಉಪದೇಶಿಸುವುದಿಲ್ಲ, ತೀರ್ಪನ್ನು ನಮ್ಮ ಬಾಯಿಂದಲೇ ಹೊರಡಿಸುತ್ತದೆ. ಅರಸನಂತೆ ಕಥೆಯೊಳಗೆ ತನ್ನನ್ನು ಕಾಣಲೊಪ್ಪದ ಪ್ರೇಕ್ಷಕ ಮಾತ್ರ ಹಾಡನ್ನೂ ನಗುವನ್ನೂ ಮನೆಗೊಯ್ದು, ಪ್ರಶ್ನೆಯನ್ನು ಚಿತ್ರಮಂದಿರದಲ್ಲೇ ಬಿಟ್ಟು ಬರುತ್ತಾನೆ.

ದೂರದರ್ಶನದಲ್ಲಿ ಈ ಚಿತ್ರ ಮತ್ತೆ ಬಂದಾಗ ಮನೆಮಂದಿಯೆಲ್ಲ ಜೊತೆಯಾಗಿ ಕೂತು ನೋಡಿರಿ. ಓಬವ್ವನ ಹಾಡಿಗೆ ಮಕ್ಕಳು ದನಿಗೂಡಿಸಲಿ. ಜಲೀಲನ ಸೈಕಲ್ ಬಂದಾಗ ಮಾತ್ರ ಅವನತ್ತ ನೋಡದೆ, ಎದುರು ನಿಂತ ಹುಡುಗಿಯ ಮುಖವನ್ನು ನೋಡಲು ಹೇಳಿರಿ.