ಹ್ಯಾಂಗರಿನ ನಟ

ದತ್ತಣ್ಣನ ಬಗ್ಗೆ ಯಾರೇ ಬರೆಯಲಿ, ಎರಡನೇ ಪ್ಯಾರಾದೊಳಗೆ ವಾಯುಪಡೆ ಬಂದೇ ಬರುತ್ತದೆ. ಅದರ ಬೆನ್ನಿಗೇ ‘ಶಿಸ್ತು’ ಎಂಬ ಪದ. ಎಚ್.ಜಿ. ದತ್ತಾತ್ರೇಯ ವಿಂಗ್ ಕಮಾಂಡರ್ ಆಗಿದ್ದವರು, ಹಾಗಾಗಿ ಶಿಸ್ತಿನ ನಟ, ಹೇಳಿದ ಹೊತ್ತಿಗೆ ಸೆಟ್ಟಿಗೆ ಬರುವವರು ಎಂದು ಬರೆದರೆ ವಿಮರ್ಶೆ ಮುಗಿಯಿತು. ಹೊಗಳಿಕೆಯಂತೆ ಕೇಳಿಸುವ ಈ ಮಾತು ನಟನೊಬ್ಬನಿಗೆ ಮಾಡುವ ಅನ್ಯಾಯ. ಹೊತ್ತಿಗೆ ಸರಿಯಾಗಿ ಬರುವುದು ನಿರ್ಮಾಪಕನಿಗೆ ಒದಗುವ ಅನುಕೂಲ. ಪರದೆಯ ಮೇಲೆ ಅದು ಕಾಣುವುದಿಲ್ಲ.

ಅವರ ಅಣ್ಣ, 2020ರಲ್ಲಿ ತೀರಿಕೊಂಡ ಎಚ್.ಜಿ. ಸೋಮಶೇಖರ ರಾವ್ ಕೂಡ ಒಳ್ಳೆಯ ನಟರೇ. ಅವರು ಬ್ಯಾಂಕಿನಲ್ಲಿದ್ದವರು. ಅವರ ಅಭಿನಯದಲ್ಲಿ ಲೆಡ್ಜರಿನ ಅಚ್ಚುಕಟ್ಟನ್ನು ಯಾರೂ ಹುಡುಕಲಿಲ್ಲ. ಸಮವಸ್ತ್ರ ಎಂದೊಡನೆ ಮಾತ್ರ ನಮ್ಮ ಬರಹಗಾರರು ಎದ್ದು ನಿಂತುಬಿಡುತ್ತಾರೆ.

ಉತ್ತರ ಬೆಂಗಳೂರಿನವರಿಗೆ ಹಾಗಾಗುವುದಿಲ್ಲ. ಯಶವಂತಪುರದಿಂದ ಜಾಲಹಳ್ಳಿ, ಗಂಗಮ್ಮ ಗುಡಿಯ ಮೇಲೆ ಯಲಹಂಕಕ್ಕೆ ಹೋಗುವವರಿಗೆ ವಾಯುಪಡೆಯ ಕಾಂಪೌಂಡು ದಿನನಿತ್ಯದ ನೋಟ. ಹೆಬ್ಬಾಳದ ಕಡೆ ತರಬೇತಿ ಕಮಾಂಡಿನ ಕೇಂದ್ರ ಕಚೇರಿ, ಜಾಲಹಳ್ಳಿಯಲ್ಲಿ ತಾಂತ್ರಿಕ ಕಾಲೇಜು. ನಿವೃತ್ತ ಅಧಿಕಾರಿಗಳು ಇಲ್ಲಿ ಸೊಪ್ಪಿನ ಗಾಡಿಯ ಮುಂದೆ ಚೀಲ ಹಿಡಿದು ನಿಂತಿರುತ್ತಾರೆ. 1996ರಲ್ಲಿ ಶುರುವಾದ ಏರೋ ಇಂಡಿಯಾ ಯಲಹಂಕದಲ್ಲಿ ನಡೆಯುವಾಗ ಊರೆಲ್ಲ ಕತ್ತೆತ್ತಿ ಆಕಾಶ ನೋಡುತ್ತದೆ. ವಿಮಾನವನ್ನು ಮೇಲಕ್ಕೆ ಕಳಿಸಿದವರು ಮಾತ್ರ ಕೆಳಗೇ ಉಳಿದಿರುತ್ತಾರೆ. ಪೈಲಟ್ ಹತ್ತುವ ಮುನ್ನ ಒಂದೊಂದು ದೋಷ, ಒಂದೊಂದು ರಿಪೇರಿ ‘ಫಾರ್ಮ್ 700’ರಲ್ಲಿ ದಾಖಲಾಗಿ, ಅದಕ್ಕೆ ಸಹಿ ಬಿದ್ದಿರಬೇಕು. ಆ ಸಹಿಗೆ ಚಪ್ಪಾಳೆಯಿಲ್ಲ. ಎಲ್ಲವೂ ಸರಿಯಾಗಿದ್ದರೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಜಿನಿಯರಿಂಗ್ ಓದಿ, ಎರಡು ದಶಕಕ್ಕೂ ಹೆಚ್ಚು ಕಾಲ ವಾಯುಪಡೆಯಲ್ಲಿದ್ದು, ಆಮೇಲೆ ಎಚ್‌ಎಎಲ್ ಸೇರಿದ ಈ ಚಿತ್ರದುರ್ಗದ ಮನುಷ್ಯನನ್ನು ಅರ್ಥಮಾಡಿಕೊಳ್ಳಲು ಪರೇಡ್ ಮೈದಾನಕ್ಕಿಂತ ಹ್ಯಾಂಗರೇ ಸರಿಯಾದ ಜಾಗ.

ಸಿನಿಮಾದವರ ಸೈನಿಕ ನಂಟು ಹೊಸದಲ್ಲ. ‘ಪ್ರಹಾರ್’ಗಾಗಿ ನಾನಾ ಪಾಟೇಕರ್ ಮರಾಠಾ ಲಘು ಪದಾತಿ ದಳದ ಜೊತೆ ತರಬೇತಿ ಪಡೆದರು; ಆ ದಳದ ರೆಜಿಮೆಂಟಲ್ ಕೇಂದ್ರ ನಮ್ಮ ಬೆಳಗಾವಿಯಲ್ಲೇ ಇದೆ. ಮೋಹನ್‌ಲಾಲ್‌ಗೆ 2009ರಲ್ಲಿ ಟೆರಿಟೋರಿಯಲ್ ಆರ್ಮಿಯ ಗೌರವ ಲೆಫ್ಟಿನೆಂಟ್ ಕರ್ನಲ್ ಹುದ್ದೆ ಸಿಕ್ಕಿತು. ಇವೆರಡೂ ತಾರೆಗಳಾದ ಮೇಲೆ ಬಂದ ಸಮವಸ್ತ್ರಗಳು. ಹಾಲಿವುಡ್ಡಿನ ಜೇಮ್ಸ್ ಸ್ಟುವರ್ಟ್ ಎರಡನೇ ಮಹಾಯುದ್ಧದಲ್ಲಿ ನಿಜಕ್ಕೂ ಬಾಂಬರ್ ಹಾರಿಸಿದವರು, 1955ರಲ್ಲಿ ‘ಸ್ಟ್ರಾಟೆಜಿಕ್ ಏರ್ ಕಮಾಂಡ್’ ಚಿತ್ರದಲ್ಲಿ ಪೈಲಟ್ ಆಗಿಯೇ ನಟಿಸಿದರು. ದತ್ತಣ್ಣನ ದಾರಿ ಇದಕ್ಕೆ ತಿರುಗುಮುರುಗು. ಅವರು ಅಧಿಕಾರಿಯಾಗಿ ಬದುಕಿ ಮುಗಿಸಿದ ಮೇಲೆ ಸಿನಿಮಾ ನಟರಾಗಿ ಹೆಸರಾದರು. ಅವರಿಗೆ ರಾಷ್ಟ್ರಪ್ರಶಸ್ತಿಯ ಮನ್ನಣೆ ತಂದ ‘ಮುನ್ನುಡಿ’, ‘ಭಾರತ್ ಸ್ಟೋರ್ಸ್’ ಎರಡರಲ್ಲೂ ಅವರ ಮೈಮೇಲೆ ಸಮವಸ್ತ್ರವಿಲ್ಲ. ಕನ್ನಡಿಗರ ಮನಸ್ಸಿನಲ್ಲಿ ಸೈನಿಕ ಎಂದರೆ ಇಂದಿಗೂ ‘ಮುತ್ತಿನ ಹಾರ’ದ ವಿಷ್ಣುವರ್ಧನ್.

ಹಾಗಾದರೆ ದತ್ತಣ್ಣನ ವಾಯುಪಡೆಯ ಆ ವರ್ಷಗಳೆಲ್ಲ ಎಲ್ಲಿ ಹೋದವು? ಪಿ. ಶೇಷಾದ್ರಿಯವರ ‘ಭಾರತ್ ಸ್ಟೋರ್ಸ್’ ನೋಡಬೇಕು. ಮಾಲ್‌ಗಳ ಹೊಡೆತಕ್ಕೆ ಸಿಕ್ಕಿದ ದಿನಸಿ ಅಂಗಡಿಯ ಮಾಲೀಕನ ಪಾತ್ರ. ಬೇರೆ ನಟನಾಗಿದ್ದರೆ ಇಂಥ ಪಾತ್ರದಲ್ಲಿ ಗಂಟಲು ಬಿಗಿದು, ಕಣ್ಣು ತುಂಬಿಕೊಂಡು, ಅಂಗಡಿ ಕೈಬಿಟ್ಟು ಹೋಗುತ್ತಿರುವ ದುಃಖವನ್ನೆಲ್ಲ ತಾನೇ ಸುರಿದುಬಿಡುತ್ತಿದ್ದ. ದತ್ತಣ್ಣ ಮಾಡುವುದೇ ಬೇರೆ. ಅವರದು ಎದೆಯಾಳದಿಂದ ಬರುವ ದಪ್ಪ ದನಿ. ನೋವು ಹೆಚ್ಚಾದಷ್ಟೂ ಅದು ತಗ್ಗುತ್ತದೆ. ವಾಕ್ಯದ ಕೊನೆಯ ಪದವನ್ನು ಅವರು ಒತ್ತುವುದಿಲ್ಲ, ಭಾರದ ಚೀಲವನ್ನು ಸದ್ದಾಗದಂತೆ ಇಳಿಸುವ ಹಾಗೆ ನೆಲಕ್ಕಿಡುತ್ತಾರೆ. ಅದರ ನಂತರದ ಮೌನದಲ್ಲಿ ಮುಖ ಕದಲುವುದಿಲ್ಲ. ನೋಡುವವನ ಗಮನ ಆ ಮುಖದಿಂದ ಅಂಗಡಿಯ ಕಡೆಗೆ, ಎದುರು ನಿಂತವರ ಕಡೆಗೆ ತಾನಾಗಿ ಸರಿಯುತ್ತದೆ. ದೃಶ್ಯವನ್ನು ಹಾರಿಸಿ ತಾನು ಕೆಳಗೆ ಉಳಿಯುವ ಕೆಲಸ ಇದು. ‘ಸಹಜ ಅಭಿನಯ’ ಎಂಬ ಇನ್ನೊಂದು ಸವಕಲು ಪದವೂ ಇದಕ್ಕೆ ಹೊಂದುವುದಿಲ್ಲ. ಇದರಲ್ಲಿ ಸಹಜವಾದದ್ದು ಏನೂ ಇಲ್ಲ. ಎಲ್ಲಿ ಎಷ್ಟು ಬಿಗಿಯಬೇಕು, ಎಲ್ಲಿ ಬಿಡಬೇಕು ಎಂಬುದನ್ನು ಅಳೆದು ಮಾಡಿದ ಕೆಲಸ. ಅಳತೆ ಕಾಣದಷ್ಟು ನಯವಾಗಿದೆ, ಅಷ್ಟೇ.

‘ಮುನ್ನುಡಿ’ಗೆ ಅವರು ಪಡೆದದ್ದು 2000ದ ಸಾಲಿನ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ. ಪೋಷಕ ಎಂಬ ಪದದ ಪೂರ್ತಿ ಅರ್ಥ ಅವರ ಮಟ್ಟಿಗೆ ನಿಜ.

ಕೊರತೆ ಇಲ್ಲವೆಂದಲ್ಲ. ಆ ದನಿಯ ಮೋಡಿಗೆ ಬಿದ್ದ ನಿರ್ದೇಶಕರು ಪಾತ್ರ ಬರೆಯುವ ಕಷ್ಟವನ್ನೇ ಬಿಟ್ಟುಬಿಡುತ್ತಾರೆ. ಎರಡು ಒಗ್ಗರಣೆ ಮಾತು ಕೊಟ್ಟು ತಾತನನ್ನಾಗಿ ಕೂರಿಸುತ್ತಾರೆ. 2019ರ ಹಿಂದಿ ಚಿತ್ರ ‘ಮಿಷನ್ ಮಂಗಲ್’ ಇದಕ್ಕೆ ದೊಡ್ಡ ಉದಾಹರಣೆ. ಬೆಂಗಳೂರಿನ ಇಸ್ರೊ ಕತೆ, ಅದರಲ್ಲಿ ನಿವೃತ್ತಿಯ ಅಂಚಿನಲ್ಲಿರುವ ಅನಂತ ಅಯ್ಯಂಗಾರ್ ಆಗಿ ದತ್ತಣ್ಣ. ಇಡೀ ತಾರಾಬಳಗದಲ್ಲಿ ವಿಮಾನಗಳ ಜೊತೆ ಬದುಕು ಕಳೆದವರು ಅವರೊಬ್ಬರು. ಆದರೆ ಚಿತ್ರ ವಿಜ್ಞಾನವನ್ನು ವಿವರಿಸಲು ವಿದ್ಯಾ ಬಾಲನ್ ಪಾತ್ರದ ಕೈಲಿ ಪೂರಿ ಕರಿಸುತ್ತದೆ, ಹಿರಿಯ ಇಂಜಿನಿಯರನನ್ನು ನಗೆಗೆ ಬಳಸಿಕೊಳ್ಳುತ್ತದೆ. ಉಪಕರಣದ ಮುಂದೆ ನಿಂತ ಅನುಭವಿಯ ಮೌನ ಹೇಗಿರುತ್ತದೆಂದು ಬಲ್ಲ ನಟ ಕೈಯಲ್ಲೇ ಇದ್ದರು. ಕ್ಯಾಮೆರಾ ಅಲ್ಲಿ ಅರೆನಿಮಿಷ ನಿಲ್ಲಬೇಕಿತ್ತು.

ಪ್ರಶಸ್ತಿ ಸಮಿತಿಗಳೂ ಆ ಮೌನದ ಮುಂದೆ ಸಾಕಷ್ಟು ಹೊತ್ತು ನಿಲ್ಲಲಿಲ್ಲ. 2012ರ ಸಾಲಿನಲ್ಲಿ ‘ಭಾರತ್ ಸ್ಟೋರ್ಸ್’ ಅತ್ಯುತ್ತಮ ಕನ್ನಡ ಚಿತ್ರವಾಯಿತು. ಆ ವರ್ಷದ ಅತ್ಯುತ್ತಮ ನಟ ಪ್ರಶಸ್ತಿಯನ್ನು ಹಂಚಿಕೊಂಡವರು ಮರಾಠಿಯ ವಿಕ್ರಮ್ ಗೋಖಲೆ ಮತ್ತು ಸೇನೆಯ ಓಟಗಾರ ‘ಪಾನ್ ಸಿಂಗ್ ತೋಮರ್’ನಾಗಿ ಬೆವರು ಹರಿಸಿದ ಇರ್ಫಾನ್ ಖಾನ್. ಇರ್ಫಾನ್‌ರ ಅರ್ಹತೆಯ ಬಗ್ಗೆ ತಕರಾರಿಲ್ಲ. ದಿನಸಿ ಅಂಗಡಿಯವನಾಗಿ ನಿಂತ ನಿವೃತ್ತ ವಿಂಗ್ ಕಮಾಂಡರ್‌ಗೆ ಅದೇ ಪಟ್ಟಿಯ ಕೆಳಗೆ, ಇನ್ನೂ ಕೆಲವರ ಜೊತೆ, ವಿಶೇಷ ಉಲ್ಲೇಖ ಸಿಕ್ಕಿತು.