ಬ್ಯಾಟರಿ ಕವಚವೋ, ಪವರ್ ಬ್ಯಾಂಕೋ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಅಂಥಲ್ಲಿ ಫೋನಿನ ಬೆನ್ನಿಗೆ ಬ್ಯಾಟರಿ ಕವಚ ತೊಡಿಸುವುದು ಸರಿಯೆನಿಸದು. ಚಾರ್ಜ್ ಆಗುವಾಗ ಎರಡೂ ಕೋಶಗಳು ಬಿಸಿಯಾಗುತ್ತವೆ. ಕವಚವು ಆ ಶಾಖವನ್ನು ಸುಲಭವಾಗಿ ಹೊರಬಿಡದು. ಬಿಸಿ ಹೆಚ್ಚಿದಂತೆ ಲಿಥಿಯಂ-ಅಯಾನ್ ಕೋಶ ಬೇಗ ಸವೆಯುತ್ತದೆ. ಫೋನು ಬದಲಾದರೆ ಕವಚ ಮೂಲೆಗೆ!

ಪವರ್ ಬ್ಯಾಂಕ್ ಹಾಗಲ್ಲ, ಕೇಬಲ್ ಇದ್ದರೆ ಯಾವ ಫೋನಿಗೂ ಆದೀತು. ಆದರೆ ಅದರ ಮೇಲಿನ ಅಂಕಿ ದಾರಿ ತಪ್ಪಿಸುತ್ತದೆ. '10,000 ಮಿಲಿಆಂಪಿಯರ್-ಗಂಟೆ' ಎಂಬುದು ಒಳಗಿನ 3.7 ವೋಲ್ಟ್ ಕೋಶದ ಲೆಕ್ಕ. ಶಕ್ತಿ 37 ವಾಟ್-ಗಂಟೆ. ಹೊರಬರುವುದು 5 ವೋಲ್ಟಿನಲ್ಲಿ. ಭಾಗಿಸಿದರೆ 7,400, ಪರಿವರ್ತನೆಯ ನಷ್ಟ ಕಳೆದರೆ ಇನ್ನೂ ಕಡಿಮೆ. ಈ ಕಡಿಮೆ ಅಂಕಿಯನ್ನು ಇರುವೆಯಷ್ಟು ಅಕ್ಷರದಲ್ಲಿ ಅಚ್ಚುಹಾಕುವುದೇಕೆ? ವಾಟ್-ಗಂಟೆಯನ್ನೇ ಎದ್ದು ಕಾಣುವಂತೆ ಮುದ್ರಿಸಿದರೆ ಪ್ರೌಢಶಾಲೆಯ ವಿದ್ಯಾರ್ಥಿಯೂ ಎರಡು ಸಾಧನಗಳನ್ನು ಹೋಲಿಸಬಲ್ಲ.